ಮರುವಾಯಿಯ ಹಲ್ಲು

ಬೊಕ್ಕಪಟ್ಣದ ಈ ಓಣಿಯಲ್ಲಿ ನನ್ನದು ಹಲ್ಲಿನ ಕೆಲಸ.
ಡಾಕ್ಟರಲ್ಲ; ಡಾಕ್ಟರು ಕಳಿಸುವ ಅಚ್ಚಿಗೆ
ಮೇಣ ತುಂಬಿ, ಬೇಯಿಸಿ, ಉಜ್ಜಿ,
ಊರಿನ ಬೊಚ್ಚುಬಾಯಿಗಳಿಗೆ ನಗು ಕೂರಿಸುವವ.
ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು,
ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಹೆಸರು:
ಸಿಪ್ರಿಯನ್ ಪೊರ್ಬು, ಮೇಲಿನದು. ಐಸಮ್ಮ, ಎರಡೂ.
ಅವುಗಳ ನಡುವೆ, ಬಿಸಿಲು ಬೀಳುವ ಕಡೆ, ಮರುವಾಯಿ.

ಹೆಸರು ಬಿದ್ದದ್ದು ಮರಿಯಾಗಿದ್ದಾಗ:
ಹಿಡಿದರೆ ಮುಚ್ಚಿಕೊಳ್ಳುತ್ತಿತ್ತು, ಬಿಟ್ಟರೆ ತೆರೆಯುತ್ತಿತ್ತು,
ಗುರುಪುರ ಹೊಳೆಯ ಕೆಸರಲ್ಲಿ ಹೆಕ್ಕಿದ ಚಿಪ್ಪಿನ ಹಾಗೆ.

ಈ ಸಲ ಮುಚ್ಚಿದ್ದು ತೆರೆಯಲಿಲ್ಲ.

ಬೇಬಿಯಕ್ಕ ಬುಟ್ಟಿ ಇಳಿಸಿದರೆ ಓಡಿ ಬರುವುದೇನೋ ಬರುತ್ತಿತ್ತು.
ಬೂತಾಯಿಯ ತಲೆಗೆ ಮೂಗು ತಾಗಿಸಿ,
ಒಮ್ಮೆ ಕಚ್ಚಿ,
ಯಾರೋ ಹೊಡೆದ ಹಾಗೆ ಕಿರುಚಿ ಓಡುತ್ತಿತ್ತು.
ದೂರ ನಿಂತು ಮೀನಿನ ಮೇಲೇ ಉಸ್ ಎನ್ನುವುದು.
"ಸೊಕ್ಕು ಮಾರಾಯ್ರೆ, ನಿಮ್ಮದಕ್ಕೆ ಅಂಜಲ್ ಬೇಕಾಯ್ತು"
ಅಂದರು ಅವರು. ನಾನೂ ನಕ್ಕೆ.

ಗದ್ದದ ರೋಮ ಅಂಟು ಅಂಟು. ಮೈ ನೆಕ್ಕುವುದು ಬಿಟ್ಟು
ಬೆನ್ನು ಹಳೆ ಕತ್ತದ ಹಗ್ಗ.
ಹತ್ತಿರ ಬಂದರೆ ವಾಸನೆ—
ಮೂವತ್ತು ವರ್ಷ ಬಾಯಿಗಳ ನಡುವೆ ಬದುಕಿದ ಮೂಗು ಇದು,
ಒಣಮೀನಿನ ಗೋಡೌನಿನದು ಅಂದುಕೊಂಡಿತು.

ಕೊನೆಗೆ ಟವೆಲಿನಲ್ಲಿ ಸುತ್ತಿ, ಕೆಲಸದ ದೀಪ ತಿರುಗಿಸಿ,
ತುಟಿ ಎತ್ತಿ ನೋಡಿದೆ.
ಒಸಡು ಕೇಪುಳದ ಗೊಂಚಲಾಗಿ
ಗಂಟಲವರೆಗೂ ಅರಳಿತ್ತು.
ಮೇಜಿನ ಮೇಲೆ ಆಗಷ್ಟೇ ಪಾಲಿಶ್ ಆದ ಇನ್ನೊಂದು ಒಸಡು,
ಗುಲಾಬಿ, ತಂಪು, ಎಂದೂ ಹುಣ್ಣಾಗದ್ದು.
ಎರಡನ್ನೂ ಒಟ್ಟಿಗೆ ನೋಡಬಾರದಿತ್ತು.

ಪ್ರಾಣಿಗಳ ಡಾಕ್ಟರು ಚಿಕ್ಕ ಪ್ರಾಯದವರು, ರೆನಿಟಾ ಅಂತ.
"ಅದರ ಮೈಗೆ ಅದರ ಹಲ್ಲೇ ಆಗುವುದಿಲ್ಲ ಈಗ.
ಕಿತ್ತುಬಿಡುವ. ಎಲ್ಲ."
ಎಲ್ಲವಾ?
"ಎಲ್ಲ."
ಬಾಯಿಂದ ಬಂದೇ ಹೋಯಿತು:
ಅಳತೆ ಕೊಡಿ, ನಾನೊಂದು ಸೆಟ್ಟು ಮಾಡುತ್ತೇನೆ.
ಅವರು ನಗಲಿಲ್ಲ. ಅದು ಅವರ ದೊಡ್ಡತನ.

ಸಂಜೆ ರಿಕ್ಷಾದಲ್ಲಿ ಮಡಿಲ ಮೇಲೆ ಅದು, ಕಿಸೆಯಲ್ಲಿ ಮಾತ್ರೆಯ ಡಬ್ಬಿ,
ಡಬ್ಬಿಯೊಳಗೆ ಹಲ್ಲು, ಕೇಳಿ ತಂದದ್ದು.
ಕುದ್ರೋಳಿಯ ಪ್ರತಿ ಹಂಪಿಗೂ ಗಿಲಕಿಯ ಸದ್ದು.
ರಾತ್ರಿ ಬಿಳಿ ಕಾಗದದ ಮೇಲೆ ಸುರಿದೆ.
ಮುಂದಿನವು ಅಕ್ಕಿನುಚ್ಚು. ಕೋರೆ ನಾಲ್ಕು, ಗಾಳದ ಕೊಕ್ಕೆ.
ಶೇಡ್ ಕಾರ್ಡು ಹಿಡಿದೆ, ಯಾವುದಕ್ಕೂ ಹೊಂದಲಿಲ್ಲ.
ಎಷ್ಟುದ್ದ ಬೇರು ಒಂದೊಂದಕ್ಕೂ!
ನಾನು ಮಾಡಿದ ಒಂದು ಹಲ್ಲಿಗೂ ಬೇರಿಲ್ಲ.
ಬೇರಿಲ್ಲ, ನೋವಿಲ್ಲ ಅಂತ
ಗಿರಾಕಿಗಳಿಗೆ ಹೇಳುತ್ತ ಬಂದವ.

ಒಂಬತ್ತು ದಿನ ಗಂಜಿಯ ತಿಳಿ, ಸಿರಿಂಜಿನಲ್ಲಿ.
ಹತ್ತನೆಯ ದಿನ ಐಸಮ್ಮನ ಮಗ ಸೆಟ್ಟು ವಾಪಸು ತಂದ:
"ಉಮ್ಮನಿಗೆ ಕೆಳಗಿನದು ಒತ್ತುತ್ತದಂತೆ, ಹುಣ್ಣಾಗಿದೆ."
ಬೇರೆ ದಿನವಾದರೆ, ಅಭ್ಯಾಸ ಆಗ್ತದೆ ಹೇಳು, ಅನ್ನುತ್ತಿದ್ದೆ.
ತೆಗೆದುಕೊಂಡು ಕೂತೆ. ಅಂಚಿನಲ್ಲಿ ಮರಳಕಣದಷ್ಟು
ಎತ್ತರ. ಉಜ್ಜಿದೆ. ಬೆರಳಾಡಿಸಿದೆ. ಮತ್ತೆ ಉಜ್ಜಿದೆ.

ಹಿಂದೆ ಅಡುಗೆಕೋಣೆಯಲ್ಲಿ ಏನೋ ಬಿತ್ತು.
ಹೋಗಿ ನೋಡಿದರೆ, ಪುಳಿಮುಂಚಿಗೆಂದು ತೊಳೆದಿಟ್ಟ
ಏಳು ಬೂತಾಯಿಯಲ್ಲಿ ಐದೇ ಉಂಟು.
ಮರುವಾಯಿ ಕಿಟಕಿಯಲ್ಲಿ,
ಬಾಲವೊಂದು ಇನ್ನೂ ತುಟಿಯಾಚೆ ಇಳಿಬಿದ್ದು,
ಪಚಪಚ ಸದ್ದು.
ಬೈಯಲು ಬಾಯಿ ತೆರೆದವ ಹಾಗೇ ನಿಂತೆ,
ಕೈಯಲ್ಲಿ ಐಸಮ್ಮನ ಕೆಳದವಡೆ.