ತಗ್ಗಿನ ಕೇರಿಗಳು

ಅಪ್ಪನ ಹೆಗಲ ಮೇಲೆ ಆಳೆತ್ತರದ ಕಬ್ಬಿಣದ ಕೀಲಿ.
ತುಂಬೆಯಲ್ಲಿ ನೀರಿಳಿದ ಏಪ್ರಿಲ್ಲಿನಲ್ಲಿ
ಬಂದರು, ಬೋಳೂರು, ಕುದ್ರೋಳಿ
ತಗ್ಗಿನ ವಾಲ್ವುಗಳನ್ನೆಲ್ಲ ತಿರುಪಿ ಮುಚ್ಚುತ್ತಿದ್ದರು,
ಗುಡ್ಡದ ಮೇಲಿನ ಆಸ್ಪತ್ರೆಗೆ ನೀರು ಹತ್ತಲೆಂದು.
ನಮ್ಮ ಮನೆಯೂ ತಗ್ಗಿನಲ್ಲೇ.
ಅಮ್ಮ ಖಾಲಿ ಕೊಡಪಾನ ಕುಕ್ಕಿ ಬೈಯುತ್ತಿದ್ದಳು.

ಇಂದು ಬೆಳಗಿನ ಜಾವ ಮೂರೂ ಹತ್ತಕ್ಕೆ
ದಕ್ಕೆಯಿಂದ ಹೊತ್ತು ತಂದರು ಗಿರಿಧರ ತಿಂಗಳಾಯರನ್ನು.
ವಿಂಚಿನ ಉಕ್ಕಿನ ಹಗ್ಗ ತುಂಡಾಗಿ ತೊಡೆ ಸೀಳಿತ್ತು.
ಮೇಲೆ ಬೈರಾಸು ಬಿಗಿದಿದ್ದರು ಬೋಟಿನವರು.
ರಕ್ತ ಎಷ್ಟು ಹೋಗಿದೆ ಎಂದರೆ
"ಮೀನಿನ ನೀರಲ್ಲಿ ಕಲಸಿಹೋಯಿತು ಸಿಸ್ಟರೇ, ಹೇಗೆ ಹೇಳುವುದು?"

ಬಿ.ಪಿ. ನೂರಾ ಎಂಟು, ತೊಂಬತ್ತು.
"ಪರವಾಗಿಲ್ಲ ಅಲ್ವಾ?" ಎಂದರು ಹೊಸ ಡಾಕ್ಟರು ರಮೀಝ್.
ನಾನು ಪಾದ ಮುಟ್ಟಿದೆ.
ಐಸಿನ ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಬಂಗುಡೆ.
ಉಗುರು ಒತ್ತಿ ಬಿಟ್ಟೆ. ಬಿಳುಪು.
ಒಂದು, ಎರಡು, ಮೂರು, ನಾಲ್ಕು...
ಮನಸ್ಸಿಲ್ಲದ ಮನಸ್ಸಿನಿಂದ ಕೆಂಪು ಬಂತು.
ನಾಡಿ ನೂರಾ ಮೂವತ್ತು, ನೂಲಿನ ಹಾಗೆ.

ಒತ್ತಡ ಸುಳ್ಳು ಹೇಳುವುದಿಲ್ಲ ಡಾಕ್ಟ್ರೇ,
ತಡವಾಗಿ ಹೇಳುತ್ತದೆ, ಅಷ್ಟೆ.
ಒಳಗೆ ಯಾರೋ ಕೀಲಿ ಹಿಡಿದು ಕತ್ತಲಲ್ಲಿ ಓಡಾಡುತ್ತಿದ್ದಾರೆ.
ಮೊದಲು ಚರ್ಮದ ಕೇರಿ, ಆಮೇಲೆ ಕರುಳಿನದು,
ಮೂತ್ರಪಿಂಡದ ಎರಡೂ ಗಲ್ಲಿ,
ಮುಚ್ಚಿ ಮುಚ್ಚಿ ಉಳಿಸಿದ್ದನ್ನು
ಎದೆಗೂ ತಲೆಗೂ ಹತ್ತಿಸುತ್ತಿದ್ದಾರೆ.
ನಮ್ಮ ಮುಳ್ಳಿಗೆ ಕಾಣುವುದು ಗುಡ್ಡದ ನಲ್ಲಿ ಮಾತ್ರ.
ತಗ್ಗಿನಲ್ಲಿ ಜೀವಕೋಶಗಳು ಉಸಿರಿಲ್ಲದೆ
ಹುಳಿ ಕೂಡಿಟ್ಟುಕೊಂಡು ಕಾಯುತ್ತಿವೆ.
ಎಷ್ಟು ಹೊತ್ತು ಕಾದಾವು?

"ಒಂಚೂರು ನೀರು ಕೊಡಿ ಮಾರಾಯ್ರೇ."
ಮೂವತ್ತು ವರ್ಷ ನೀರಿನ ಮೇಲೆಯೇ ಬದುಕಿದವರು.
ಕೊಡುವ ಹಾಗಿಲ್ಲ, ಆಪರೇಷನ್ನಿಗೆ ಒಯ್ಯಬೇಕು.
ತುಟಿಗೆ ಒದ್ದೆ ಹತ್ತಿ ಇಟ್ಟೆ.
ಎರಡೂ ತೋಳಿಗೆ ದಪ್ಪ ಸೂಜಿ,
ಕಡಲಿನಷ್ಟಲ್ಲ, ಕಣ್ಣೀರಿನಷ್ಟೇ ಉಪ್ಪಿನ ನೀರು,
ಅದರ ಬೆನ್ನಿಗೇ ಹೆಸರು ಗೊತ್ತಿಲ್ಲದ ಯಾರದೋ ರಕ್ತ.
ಅವರು ಕಾಲು ಝಾಡಿಸಿದರು, ಸಿಟ್ಟಾದರು,
ನನ್ನನ್ನು ಬೇರೆ ಯಾರದೋ ಹೆಸರಿನಿಂದ ಕರೆದರು.
ಗುಡ್ಡಕ್ಕೂ ನೀರು ಹತ್ತುತ್ತಿಲ್ಲ
ಎಂದು ಆಗ ಹೆದರಿದೆ.

ರಕ್ತನಾಳ ಹೊಲಿದು ಹೊರತಂದಾಗ ಬೆಳಕಾಗಿತ್ತು.

ಮುಚ್ಚಿದ ಕೇರಿಯನ್ನು ಅಪ್ಪ ನಿಧಾನ ತೆರೆಯುತ್ತಿದ್ದರು.
ಮೊದಲು ನಲ್ಲಿ ಕೆಮ್ಮುತ್ತದೆ, ಬರೀ ಗಾಳಿ, ಆಮೇಲೆ ಕೆಂಪು ಕೆಸರು.
"ಅದು ಹೋಗಲಿ ಬಿಡಿ, ಹಿಡಿಯಬೇಡಿ" ಎನ್ನುತ್ತಿದ್ದರು.
ಇವರದೂ ಹಾಗೇ. ಕೂಡಿಟ್ಟ ಹುಳಿಯೆಲ್ಲ ಒಮ್ಮೆಗೇ ರಕ್ತಕ್ಕಿಳಿದು
ರಿಪೋರ್ಟು ಮೊದಲಿಗಿಂತ ಕೆಟ್ಟದಾಗಿ ಬಂತು.
ರಮೀಝ್ ಮುಖ ಬಿಳಿಚಿತು. ಕಾಯುವ ಎಂದೆ.
ನನಗೂ ಖಾತ್ರಿಯಿರಲಿಲ್ಲ.

ಡ್ಯೂಟಿ ಮುಗಿದರೂ ಸ್ಟೂಲು ಎಳೆದು ಕೂತೆ,
ಮಂಚದ ಬದಿಗೆ ತೂಗುವ ಖಾಲಿ ಚೀಲದ ಎದುರು,
ನಲ್ಲಿಯ ಬುಡದಲ್ಲಿ ಕೊಡಪಾನ ಇಟ್ಟು ಕೂರುತ್ತಿದ್ದ
ಅಮ್ಮನ ಹಾಗೆ.
ಎಂಟೂ ಕಾಲಿಗೆ
ಟ್ಯೂಬಿನೊಳಗೆ ಕಣ್ಣ ಚಹಾದ ಬಣ್ಣದ ಒಂದು ಹನಿ
ನಿಂತು, ಯೋಚಿಸಿ,
ಜಾರಿತು.