ದೆಸ್ಸಿಯಲ್ಲಿ ಗಂಟೆ ಎರಡು

ವೇಳಾಪಟ್ಟಿಯಲ್ಲಿ ಬರೆದಿತ್ತು: ರಸಾಯನಶಾಸ್ತ್ರ, ಗಂಟೆ ಎರಡು.
ಉಂಡು, ಸೀರೆಯ ನೆರಿಗೆ ತಿದ್ದಿ,
ಎರಡಕ್ಕೆ ಐದು ನಿಮಿಷ ಮೊದಲೇ ಹೋದೆ.
ಕೋಣೆ ಖಾಲಿ. ಕರಿಹಲಗೆಯ ಮೇಲೆ
ಯಾರೋ ಬರೆದಿಟ್ಟ ‘ವೆಲ್‌ಕಮ್ ಟೀಚರ್’,
ಅರ್ಧ ಅಳಿಸಿಹೋದ ಒಂದು ಹೂವು.

ಕಾವಲಿನ ದೆಮಿಸೆವ್ ಕೋಲೂರಿ ನಕ್ಕ:
“ಎರಡು ಬೆಳಿಗ್ಗೆಯೇ ಆಗಿಹೋಯಿತಮ್ಮ, ಈಗ ಎಂಟು.
ಸೂರ್ಯ ಹುಟ್ಟಿದ ಮೇಲೆ ತಾನೆ ಎಣಿಸುವುದು?
ಎಲ್ಲ ಮಲಗಿರುವಾಗ, ನಡುರಾತ್ರಿಯಲ್ಲಿ
ದಿನ ಶುರುಮಾಡುವವರೂ ಇದ್ದಾರೆಯೆ?”

ಸುವಾರ್ತೆಯ ಒಂಬತ್ತನೆಯ ತಾಸು ಯಾವುದೆಂದು
ಸಂಡೇ ಸ್ಕೂಲಿನ ಮಕ್ಕಳಿಗೆ
ಬೆರಳು ಮಡಿಸಿ ಮಡಿಸಿ ಕಲಿಸಿದವಳು ನಾನು.
ನನಗದು ಪುಸ್ತಕದ ಅಡಿಟಿಪ್ಪಣಿ.
ಇವನ ಮಣಿಕಟ್ಟಿನಲ್ಲಿ ಇನ್ನೂ ಓಡುತ್ತಿತ್ತು.

ಆಮೇಲೆ ಕೇಕಿನ ವಿಷಯ. ಹೇಳಲು ಇವತ್ತಿಗೂ ನಾಚಿಕೆ.
ನನ್ನ ಹುಟ್ಟಿದ ದಿನ, ಶುಕ್ರವಾರ.
ಆರು ಮೊಟ್ಟೆ, ಸಂತೆಯ ಬೆಣ್ಣೆ,
ಇದ್ದಿಲೊಲೆಯ ಮೇಲೆ ಪಾತ್ರೆಯೊಳಗೊಂದು ಪಾತ್ರೆ ಇಟ್ಟು ಬೇಯಿಸಿದ್ದು,
ನಲವತ್ತೊಂದು ತುಂಡು.
“ಸ್ತೋತ್ರ ಹೇಳಿ” ಎಂದೆ, ಎದ್ದು ಹೇಳಿದರು.
“ತಿನ್ನಿ” ಎಂದೆ.
ಕಿಟಕಿಯ ಬದಿಯ ಐದಾರು ಮುಸಲ್ಮಾನ ಹುಡುಗರು ತಿಂದರು.
ಉಳಿದವರು ನೋಟ್‌ಬುಕ್ಕಿನ ಹಾಳೆ ಹರಿದು
ತಮ್ಮ ತಮ್ಮ ತುಂಡನ್ನು ಸುತ್ತಿ, ಚೀಲದಲ್ಲಿಟ್ಟು,
ಕೈ ಕಟ್ಟಿ ಕೂತರು.
ಬುಧವಾರ, ಶುಕ್ರವಾರ ಇವರಿಗೆ ಉಪವಾಸವೆಂದು
ಒಂದು ಬಾಯಿಯೂ ಅನ್ನಲಿಲ್ಲ.
ಹಿಡಿಸಲಿಲ್ಲವೆಂದುಕೊಂಡು ನಾನು ಸಿಡುಕಿದೆ,
ಆ ದಿನ ಸಮೀಕರಣಗಳು ವಿಪರೀತ ಕಷ್ಟದವು.

ಸೋಮವಾರ ಮೇಜಿನ ಮೇಲೆ ಚೀಟಿ, ವುಬಾಲೆಮ್‌ನ ವಾಲಿದ ಅಕ್ಷರ:
‘ಟೀಚರ್, ಕೇಕು ಶನಿವಾರ ತಿಂದೆ.
ಸ್ವಲ್ಪ ಗಟ್ಟಿಯಾಗಿತ್ತು.
ಅರ್ಧ ತಂಗಿಗೆ ಕೊಟ್ಟೆ.
ಅವಳಿಗೆ ನಿಮ್ಮ ಹುಟ್ಟುಹಬ್ಬ ಮತ್ತೆ ಯಾವಾಗ ಅಂತ ಗೊತ್ತಾಗಬೇಕಂತೆ.’

ಅಸ್ನಾಕೆಚ್ ನಮ್ಮ ಲ್ಯಾಬಿನ ನೆಲ ಒರೆಸುವವಳು.
ಅವಳ ಮನೆಯಲ್ಲಿ ಒಂದೇ ತಟ್ಟೆ, ಎಂಟು ಜನರ ಕೈ.
ನನ್ನ ಪಾಲಿನ ಗೆರೆ ಎಲ್ಲಿದೆಯೆಂದು ಅಂಚಿನಲ್ಲಿ ಹುಡುಕುತ್ತಿದ್ದೆ.
ಇಂಜೆರಾದ ಚೂರಿನಲ್ಲಿ ಕಾರದ ಬೇಳೆ ಸುತ್ತಿ
ಅವಳು ನೇರ ಬಾಯಿಗೇ ತಂದಳು.
ಗುರ್ಶಾ, ಅಂದಳು.
ಕೈತುತ್ತು, ಅಂದುಕೊಂಡೆ.
ಅಮ್ಮ ತೀರಿಕೊಂಡ ಮೇಲೆ
ಆ ಪದವನ್ನು ನಾನು ಎಲ್ಲೂ ಬಳಸಿರಲಿಲ್ಲ.
ಬಾಯಿ ತುಂಬಿತ್ತು, ಕಣ್ಣಲ್ಲಿ ನೀರು.
ಕಾರ ಜಾಸ್ತಿಯಾಯಿತೇನೋ ಎಂದು ಎಲ್ಲರೂ ನಕ್ಕರು.
ಒಂದೇ ತುತ್ತಿಗೆ ನಿಲ್ಲಿಸಿದರೆ ಜಗಳವಾಗುತ್ತದಂತೆ,
ಇನ್ನೊಂದು ತಂದಳು.

ಮೈಕೇಲನ ದಿನ, ಬೆಳಗಿನ ಚಳಿ, ಬಿಳಿ ಹೊದಿಕೆಗಳು.
ಊರ ಸಭೆಯಲ್ಲಿ ಮುಂದಿನ ಬೆಂಚು ನಮ್ಮ ಮನೆಯವರದ್ದು,
ತಾತನ ಕಾಲದಿಂದ.
ಇಲ್ಲಿ ದುಂಡು ಚರ್ಚಿನ ಹೊರಗೋಡೆಯ ಬಳಿ
ಅಸ್ನಾಕೆಚ್ ನಿಂತುಬಿಟ್ಟಳು.
“ನೀವು ಹೋಗಿ. ಇವತ್ತು ನಾನು ಒಳಗೆ ಹೋಗುವ ಹಾಗಿಲ್ಲ.”
ಯಾಕೆಂದು ಹೇಳಲಿಲ್ಲ; ಹೆಂಗಸಿಗೆ ಹೇಳಬೇಕೆ?

ದೇವಾಲಯದ ಪರದೆ ಮೇಲಿನಿಂದ ಕೆಳಗೆ ಹರಿದುಹೋಗಿದೆ,
ಇನ್ನು ಒಳಗೇನು ಹೊರಗೇನು ಎಂದು
ಒಂದು ಇಡೀ ಪ್ರಸಂಗ ನನ್ನ ನಾಲಿಗೆಯ ತುದಿಯಲ್ಲಿತ್ತು.
‘ಹರಿಯುವುದು’ ಅನ್ನುವುದಕ್ಕೆ ಅಮ್ಹಾರಿಕ್ ಮಾತು ಸಿಗಲಿಲ್ಲ.
ಹುಡುಕುತ್ತಿದ್ದ ಹಾಗೆ ನೋಡಿದೆ:
ಅವಳು ಹಣೆ ಹಚ್ಚಿದಳು ಗೋಡೆಗೆ,
ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ,
ಆಮೇಲೆ ಕಲ್ಲಿಗೆ ಮುತ್ತಿಟ್ಟಳು,
ಜ್ವರ ಬಿಟ್ಟ ಮಗುವಿಗೆ ಇಡುವಂತೆ.

ಅಂಥ ಮುತ್ತು ನಮ್ಮ ಸಭೆಯ ಕ್ರಮದಲ್ಲಿಲ್ಲ.
ಒಳಗೆ ಡೋಲು, ಧೂಪ, ನನಗೆ ತಿಳಿಯದ ಗೀಜ್ ಭಾಷೆ.
ನಾನು ಹೋಗಲಿಲ್ಲ. ಚಪ್ಪಲಿ ಬಿಟ್ಟು
ಅವಳ ಪಕ್ಕದಲ್ಲಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ
ಹಣೆಯನ್ನು ನಾನೂ ಕಲ್ಲಿಗೆ ಆನಿಸಿದೆ,
ಯಾರಾದರೂ ನೋಡುತ್ತಿದ್ದಾರೆಯೆ ಎಂದು ನೋಡಿಕೊಂಡೇ.

ಗಂಟೆ ಎರಡು.
ಬಿಸಿಲು ಆಗಷ್ಟೇ ಗೋಡೆಗೆ ಬಂದಿತ್ತು.