ಅಗ್ಗದ ಹೊತ್ತು

ಐರೋಳಿಯಲ್ಲಿ ರಾತ್ರಿ ಹತ್ತಕ್ಕೆ ಕರೆಂಟಿನ ದರ ಇಳಿಯುತ್ತದೆ.
ಮೂರೂ ಚಿಲ್ಲರ್ ಏರಿಸಿ
ಹಿತ್ತಲ ಟಾಕಿಗೆ ತಂಪು ತುಂಬಿಸುತ್ತೇನೆ,
ನಾಳೆಯ ದುಬಾರಿ ಬಿಸಿಲಿಗೆ.

ಇದನ್ನು ಕಲಿಸಿದ್ದು ಕಾಲೇಜಲ್ಲ.
ಕುರ್ಲಾದ ಚಾಳಿನಲ್ಲಿ ನಾಲ್ಕಕ್ಕೆ ನಲ್ಲಿ ಕೆಮ್ಮಿದರೆ ಸಾಕು,
ಸುಮಿತ್ರಾ ಚಿಕ್ಕಮ್ಮ ಎದ್ದು
ಡ್ರಮ್ಮು, ಕೊಡ, ಕೊನೆಗೆ ಸಾರಿನ ಸೌಟಿಗೂ
ನೀರು ಹಿಡಿದಿಡುತ್ತಿದ್ದಳು.

ಸಾತಾರದ ಗುಡ್ಡದ ಗಾಳಿ ಕೊಂಡಿದ್ದೇವೆ, ಕಾಗದದ ಮೇಲೆ.
ಗಾಳಿಯನ್ನು ನಂಬಲಾದೀತೆ?
ಅದಕ್ಕೇ ಡೀಸೆಲು.
ಟ್ಯಾಂಕರಿನ ಚಂದ್ರಾಮ, ಅಕ್ಕಲಕೋಟೆಯವನು, ಕೇಳುತ್ತಾನೆ:
"ಒಳಗ ಏನ್ ಇಟ್ಟೀರಿ ಅಕ್ಕಾರ, ಇಷ್ಟ್ ಎಣ್ಣಿ ಕುಡಿಯಾಕ?"

ಯಾರದೋ ಸೀಮಂತದ ಫೋಟೊ, ಅದೇ ಹದಿನಾಲ್ಕು ಸಲ.
ಮುಗಿದ ಓಟಿಪಿಗಳು.
ತೀರಿಹೋದವರ ಗುಡ್ ಮಾರ್ನಿಂಗು.
"ಮಂದಿ ಮಾತು," ಎಂದೆ. "ಕೆಡದ ಹಾಗೆ ತಂಪಿನಲ್ಲಿಟ್ಟಿದ್ದೇವೆ."
ಅವನು ಪೈಪು ಸುತ್ತುತ್ತ:
"ಮಾತು ಬಿಸಿ ಇದ್ದಾಗ ಚಲೋರಿ."

ಒಂದನೇ ತಾರೀಖಿನಿಂದ ದರಪಟ್ಟಿ ತಿರುವುಮುರುವು.
ಸೂರ್ಯನ ಕರೆಂಟು ಹೆಚ್ಚಾಗಿದೆಯಂತೆ,
ಇನ್ನು ಹಗಲೇ ಅಗ್ಗ.
ಟಾಕಿ ತುಂಬಿಸುವುದು ಮಧ್ಯಾಹ್ನ.
ನನ್ನ ನಿದ್ದೆಗೆ ಇದನ್ನು ಯಾರು ಹೇಳಬೇಕು?

ಚಿಕ್ಕಮ್ಮನ ಹೊಸ ಫ್ಲ್ಯಾಟಿನಲ್ಲಿ
ಇಪ್ಪತ್ನಾಲ್ಕು ಗಂಟೆ ನೀರು.
ನಾಲ್ಕಕ್ಕೆದ್ದು ನಲ್ಲಿ ತಿರುಗಿಸಿ ನೋಡುತ್ತಾಳೆ,
ಬರುತ್ತದೆ,
ನಿಲ್ಲಿಸುತ್ತಾಳೆ.